ತಿಳೀತ್ರಿ, ಅಕ್ಕಾರ

ಕಲಿಸುವುದೆಂದರೆ ನನಗೆ ಮೊದಲಿನಿಂದಲೂ ಹುಚ್ಚು. ಲಕ್ಷ್ಮೇಶ್ವರದಲ್ಲಿ ಅಪ್ಪನ ಕಿರಾಣಿ ಅಂಗಡಿಗೆ ಸಾಮಾನು ಒಯ್ಯಲು ಬರುವ ಹುಡುಗರನ್ನೂ ಬಿಡದೆ ಮಗ್ಗಿ ಕೇಳುತ್ತಿದ್ದೆನಂತೆ. ತಪ್ಪು ಹೇಳಿದವರಿಗೆ ಬೆಲ್ಲ ಕೊಡದೆ ಡಬ್ಬಿಯ ಮುಚ್ಚಳ ಹಾಕುತ್ತಿದ್ದೆನಂತೆ. ಇವಳಿಂದ ಗಿರಾಕಿ ತಪ್ಪುತ್ತಾರೆ ಎಂದು ಅಪ್ಪ ಬೈದರೆ, ಇವಳು ಮಾಸ್ತರಿಕೆ ಮಾಡದಿದ್ದರೆ ಜೀವನವಿಡೀ ಮನೆಮಂದಿಯ ತಲೆ ತಿನ್ನುತ್ತಾಳೆ ಎಂದು ಅವ್ವ ಹೇಳುತ್ತಿದ್ದಳು. ಈಗ ನಾನು ಶಿರಹಟ್ಟಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆಮಂದಿಯ ತಲೆಯನ್ನೂ ತಿನ್ನುತ್ತೇನೆ.

ಆದರೆ ಕಲಿಸುವ ಕೆಲಸಕ್ಕೆ ನಾನು ಬಿದ್ದದ್ದು ಶಿರಹಟ್ಟಿಯಲ್ಲಲ್ಲ, ಗದಗಿನಲ್ಲಿ, ನಾನಿನ್ನೂ ಪಿಯುಸಿ ಎರಡನೇ ವರ್ಷದಲ್ಲಿ ಓದುತ್ತಿದ್ದಾಗ. ನಮ್ಮ ಕಾಲೇಜಿನ ವಿಜ್ಞಾನ ವಿಭಾಗಕ್ಕೆ ಬರುವವರಲ್ಲಿ ಮುಕ್ಕಾಲು ಮಂದಿ ಹತ್ತನೆಯವರೆಗೆ ಕನ್ನಡದಲ್ಲಿ ಓದಿದವರು. ಬೇಸಿಗೆ ರಜೆ ಮುಗಿಯುವುದರೊಳಗೆ ಪುಸ್ತಕವೆಲ್ಲ ಇಂಗ್ಲಿಷಾಗಿಬಿಡುತ್ತಿತ್ತು. ಮೊದಲ ತಿಂಗಳು ತರಗತಿಯಲ್ಲಿ ಯಾರ ಮುಖ ನೋಡಿದರೂ ಬಸ್ಸು ತಪ್ಪಿಸಿಕೊಂಡವರ ಕಳೆ. ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದ ಸರ್ ಬಹಳ ಓದಿಕೊಂಡವರು, ಬಹಳ ಸಿಟ್ಟಿನವರು, ಮತ್ತು ಬೋರ್ಡಿನ ಮೇಲೆ ಮೇಲ್ ರೈಲು ಓಡಿಸಿದಂತೆ ಓಡುವವರು. ತಮ್ಮ ಮುಂದೆ ಹುಡುಗರು ಬಾಯಿ ಬಿಡುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಅದಕ್ಕೇ ಅವರು ಜೋಡಿ ಎಂಬ ಪದ್ಧತಿ ಹಾಕಿದ್ದರು. ಎರಡನೇ ವರ್ಷದ ಒಬ್ಬೊಬ್ಬರು ಮೊದಲ ವರ್ಷದ ಒಬ್ಬೊಬ್ಬರನ್ನು ಹಿಡಿದು, ಸಂಜೆ ಕಾಲೇಜು ಬಿಟ್ಟ ಮೇಲೆ ಒಂದು ತಾಸು ಕಲಿಸಬೇಕು. ಓರಗೆಯವರ ಮುಂದೆ ನಾಚಿಕೆ ಇರುವುದಿಲ್ಲ, ತಿಳಿಯದ್ದನ್ನು ಬಾಯಿಬಿಟ್ಟು ಕೇಳುತ್ತಾರೆ ಎಂಬುದು ಅವರ ಲೆಕ್ಕಾಚಾರ.

ನನ್ನ ಪಾಲಿಗೆ ಬಂದವಳು ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯ ಹುಡುಗಿ. ಬೆಟಗೇರಿಯ ಹಾಸ್ಟೆಲಿನಲ್ಲಿ ಇರುತ್ತಿದ್ದಳು. ಎರಡು ಜಡೆ, ವರ್ತಮಾನ ಪತ್ರಿಕೆಯ ರಟ್ಟು ಹಾಕಿದ ಪುಸ್ತಕ, ನೆಲ ನೋಡುವ ಕಣ್ಣು. ನನಗಿಂತ ಒಂದೇ ವರ್ಷ ಚಿಕ್ಕವಳಾದರೂ ಮೊದಲ ದಿನದಿಂದಲೇ ಅಕ್ಕಾರ, ಅಕ್ಕಾರ ಎಂದು ಬಹುವಚನ ಹಚ್ಚಿದಳು. ಬೇಡ ಎಂದೆ. ಕೇಳಲಿಲ್ಲ. ಖರೆ ಹೇಳಬೇಕೆಂದರೆ ಆ ಬಹುವಚನ ನನಗೆ ಹಿತವಾಗಿಯೇ ಇತ್ತು.

ಯಾಕೆ ವಿಜ್ಞಾನ ತಗೊಂಡೆ ಎಂದು ಕೇಳಿದಾಗ ಮಾತ್ರ ಅವಳು ತಲೆ ಎತ್ತಿದಳು. ಅವಳ ಶಾಲೆಗೆ ಒಮ್ಮೆ ಯಾರೋ ಸೂಕ್ಷ್ಮದರ್ಶಕ ತಂದು ಉಳ್ಳಾಗಡ್ಡಿಯ ಸಿಪ್ಪೆ ತೋರಿಸಿದ್ದರಂತೆ. ಇವಳು ಕಣ್ಣಿಟ್ಟವಳು ತೆಗೆಯಲೇ ಇಲ್ಲವಂತೆ, ಹಿಂದಿನವರು ಜಡೆ ಹಿಡಿದು ಎಳೆಯಬೇಕಾಯಿತಂತೆ. ಅಂದಿನಿಂದ ಅವಳಿಗೆ ದವಾಖಾನೆಯ ಲ್ಯಾಬಿನಲ್ಲಿ ಕುಳಿತು ರಕ್ತ ನೋಡುವ ಕೆಲಸವೇ ಬೇಕು. ಡಾಕ್ಟರು ಆಗುವುದು ಬೇಡವೇನು ಎಂದರೆ, ಡಾಕ್ಟರು ಮಂದಿಯನ್ನು ನೋಡುತ್ತಾರೆ, ನನಗೆ ಒಳಗಿನದನ್ನು ನೋಡಬೇಕು ಎಂದಳು. ಇಷ್ಟು ಸ್ಪಷ್ಟವಾಗಿ ತನಗೇನು ಬೇಕೆಂದು ಹೇಳುವವರನ್ನು ನಾನು ನಮ್ಮ ಕಾಲೇಜಿನಲ್ಲಿ ಕಂಡಿರಲಿಲ್ಲ.

ನಾನು ಸೊಂಟ ಕಟ್ಟಿ ನಿಂತೆ. ಲ್ಯಾಬಿನ ಹೊರಗಿನ ಕಟ್ಟೆಯ ಮೇಲೆ ನಮ್ಮ ಪಾಠ. ಹಳೆಯ ಬೋರ್ಡಿನ ಒಂದು ತುಂಡು ಅಲ್ಲಿ ಗೋಡೆಗೆ ಆನಿಸಿ ಇಟ್ಟಿದ್ದರು. ನಾನು ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು. ಇಂಗ್ಲಿಷಿನ ಒಂದೊಂದು ವಾಕ್ಯವನ್ನೂ ಬಿಡಿಸಿ ಕನ್ನಡದಲ್ಲಿ ಹೇಳುವುದು. ಅಣು, ಪರಮಾಣು, ಮೋಲ್, ತೂಕ ಎಂದು ಕೈ ಬೀಸಿ ಬೀಸಿ ಹೇಳಿ, ಕೊನೆಗೆ ತಿಳೀತಾ ಎಂದು ಕೇಳಿದರೆ ಅವಳದು ಒಂದೇ ಉತ್ತರ: "ತಿಳೀತ್ರಿ, ಅಕ್ಕಾರ." ಅದನ್ನು ಹೇಳುವಾಗ ಅವಳ ಮುಖದಲ್ಲಿ ಎಂಥ ತೃಪ್ತಿ ಎಂದರೆ, ನನ್ನ ಪಾಠದ ಬಗ್ಗೆ ನನಗೇ ಹೆಮ್ಮೆಯಾಗುತ್ತಿತ್ತು. ಬೇರೆ ಜೋಡಿಗಳು ಜಗಳಾಡುತ್ತಿದ್ದವು, ಪಾಠ ಬಿಟ್ಟು ಮಿರ್ಚಿ ಭಜಿ ತಿನ್ನಲು ಹೋಗುತ್ತಿದ್ದವು. ನಮ್ಮ ಜೋಡಿ ಮಾತ್ರ ಗಡಿಯಾರದಂತೆ ನಡೆಯಿತು. ಸರ್ ಎದುರಾದಾಗ, ನಮ್ಮ ಹುಡುಗಿ ಬಹಳ ಜಲ್ದಿ ಹಿಡಿಯುತ್ತಾಳೆ ಎಂದು ನಾನೇ ಮೇಲೆ ಬಿದ್ದು ವರದಿ ಕೊಟ್ಟೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಆ ಹುಡುಗಿ ರಸಾಯನಶಾಸ್ತ್ರದಲ್ಲಿ ನೆಲ ಕಚ್ಚಿದಳು. ಒಂದೆರಡು ಅಂಕಕ್ಕೆ ತಪ್ಪಿದ ನಪಾಸಲ್ಲ ಅದು. ನಾನು ಕಟ್ಟೆಯ ಮೇಲೆ ಕೂಗಿ ಕೂಗಿ ಹೇಳಿದ ಪಾಠಗಳ ಪ್ರಶ್ನೆಗಳಿಗೇ ಏನೂ ಬರೆದಿರಲಿಲ್ಲ. ಸರ್ ನಮ್ಮಿಬ್ಬರನ್ನೂ ಕರೆಸಿದರು. ಸಂಕ್ರಾಂತಿ ಆದ ಮೇಲೆ ಅವಳನ್ನು ಬೋರ್ಡಿನ ಮುಂದೆ ನಿಲ್ಲಿಸಿ ಲೆಕ್ಕ ಬಿಡಿಸಲು ಹೇಳುವುದಾಗಿಯೂ, ಅಲ್ಲಿಯೂ ಹೀಗೇ ಆದರೆ ಅವಳ ಅಪ್ಪನನ್ನು ಕರೆಸಿ, ಬರುವ ಜೂನಿನಲ್ಲಿ ಕಲಾ ವಿಭಾಗಕ್ಕೆ ಹೊಸದಾಗಿ ಹಚ್ಚಿಸಲು ಹೇಳುವುದಾಗಿಯೂ ಖಡಕ್ಕಾಗಿ ತಿಳಿಸಿದರು. ಅಪ್ಪನಿಗೆ ಒಮ್ಮೆ ಹೇಳಿದರೆ ಮುಗಿಯಿತು, ಸರ್ ಹೇಳಿದ್ದೇ ವೇದ ಎನ್ನುತ್ತಾನೆ ಎಂದು ಅವಳು ಹೊರಗೆ ಬಂದ ಮೇಲೆ ಹೇಳಿದಳು. ಹಾಗಾದರೆ ಒಂದು ವರ್ಷವೂ ಹೋಯಿತು, ರಕ್ತ ನೋಡುವ ಲ್ಯಾಬೂ ಹೋಯಿತು.

ನಾನು ಸಮಾಧಾನ ಹೇಳಲಿಲ್ಲ, ಕಿಡಿಕಿಡಿಯಾದೆ. ದಿನಾ ತಿಳೀತು ತಿಳೀತು ಎಂದು ಹೇಳಿ ನನ್ನ ಮರ್ಯಾದೆ ಕಳೆದೆಯಲ್ಲ ಎಂದು ಕಾಲೇಜಿನ ಗೇಟಿನಲ್ಲೇ ಬೈದೆ. ಅವಳು ಎಲ್ಲ ಕೇಳಿಸಿಕೊಂಡು, ಎಳ್ಳಮವಾಸ್ಯೆಗೆ ನಮ್ಮ ಹೊಲಕ್ಕೆ ಬರಬೇಕು, ಅಜ್ಜಿ ಹೇಳಿ ಕಳಿಸಿದ್ದಾಳೆ ಎಂದಳು. ಉರಿಯುತ್ತಿದ್ದವಳಿಗೆ ಊಟದ ಆಮಂತ್ರಣ! ಬರುವುದಿಲ್ಲ ಎಂದು, ದಿನವೂ ಮನೆಗೆ ಹೋಗುವ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ದಾರಿಯಲ್ಲಿ ಸೊರಟೂರ ಬರುವವರೆಗೂ ಸಿಟ್ಟು ಇಳಿದಿರಲಿಲ್ಲ.

ಅವ್ವ ಬಿಡಲಿಲ್ಲ. ಭೂತಾಯಿಗೆ ಎಡೆ ಕೊಟ್ಟು ಚರಗ ಚೆಲ್ಲುವ ದಿನ ಹೊಲಕ್ಕೆ ಕರೆದವರಿಗೆ ಬರುವುದಿಲ್ಲ ಎನ್ನುವವರು ಯಾವ ಸೀಮೆಯ ವಿದ್ಯಾವಂತರು ಎಂದು ನನಗೇ ಮಂಗಳಾರತಿ ಎತ್ತಿದಳು. ಹೀಗೆ ಅವ್ವನ ಕಾಟಕ್ಕೆ, ಒಂದು ಚೀಲ ಶೇಂಗಾ ಉಂಡಿ ಹಿಡಿದು, ಗದಗಿಗೆ ಬಂದು ಮುಂಡರಗಿ ಬಸ್ಸು ಹಿಡಿದು, ಅಲ್ಲಿಂದ ಟೆಂಪೋದಲ್ಲಿ ಕೊರ್ಲಹಳ್ಳಿಗೆ ಹೋದೆ. ಮುಖ ಮಾತ್ರ ಬಿಗಿದುಕೊಂಡೇ ಹೋದೆ.

ಅವರ ಹೊಲ ಹೊಳೆಯ ದಂಡೆಗಿಂತ ಸ್ವಲ್ಪ ಮೇಲೆ. ಬಿಳಿಜೋಳ ತೆನೆ ಹಿಡಿದಿತ್ತು, ನಡುನಡುವೆ ಕಡಲೆಯ ಸಾಲು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಅವಳ ಅಪ್ಪ ಹೊಲದ ಸುತ್ತ ಚರಗ ಚೆಲ್ಲಿ ಬಂದ ಮೇಲೆ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು. ಸಜ್ಜೆ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಎಳ್ಳ ಹೋಳಿಗೆ. ನೀಡುವವಳು ಅಜ್ಜಿ. ಸೆರಗು ಸಿಗಿಸಿಕೊಂಡು ಸಾಲಿನ ಈ ತುದಿಯಿಂದ ಆ ತುದಿಗೆ ನಡೆದಾಡುತ್ತ, ಯಾರನ್ನೂ ಏನೂ ಕೇಳದೆ ನೀಡುತ್ತಿದ್ದಳು.

ಎಣ್ಣೆಗಾಯಿ ಒಂದು ತುತ್ತು ಬಾಯಿಗಿಟ್ಟೆ. ನನ್ನ ಕಿವಿಯಲ್ಲಿ ಹೊಗೆ ಬಂತು. ನಾವೂ ಖಾರ ತಿನ್ನುವ ಮಂದಿಯೇ, ಆದರೆ ಆ ಖಾರ ಬೇರೆ. ಹೇಗಿದೆ ಎಂದು ಅವಳ ಅವ್ವ ಕೇಳಿದಾಗ, ಬಹಳ ಛಲೋ ಆಗಿದೆ ಎಂದೆ. ಇನ್ನೇನು ಹೇಳಲಿ? ಸೂರ್ಯ ಹುಟ್ಟುವ ಮೊದಲೇ ಎದ್ದು ಮಾಡಿದ ಅಡುಗೆ, ಬಿಸಿಲಲ್ಲಿ ತಲೆಯ ಮೇಲೆ ಹೊತ್ತು ತಂದ ಬುಟ್ಟಿ. ಇನ್ನೊಂದು ಬದನೆಕಾಯಿ ನೀಡಿಸಿಕೊಂಡೆ, ಅದನ್ನು ರೊಟ್ಟಿಯ ಕೆಳಗೆ ಸರಿಸಿದೆ.

ಅಜ್ಜಿ ಬಂದಳು. ನನ್ನ ಮುಖ ನೋಡಲಿಲ್ಲ, ತಾಟು ನೋಡಿದಳು. ಬಗ್ಗಿ, ರೊಟ್ಟಿ ಎತ್ತಿ, ಎಣ್ಣೆಗಾಯಿಯನ್ನು ತನ್ನ ಕೈಯಿಂದಲೇ ತೆಗೆದು ಪಕ್ಕಕ್ಕೆ ಹಾಕಿ, ಗಟ್ಟಿ ಮೊಸರು ಸುರಿದಳು. ಹುಡುಗಿಗೆ ಖಾರ ಆಗಿದೆ, ಇಷ್ಟು ಹೊತ್ತು ಯಾರೂ ನೋಡಲಿಲ್ಲವೇ ಎಂದು ಮನೆಯವರನ್ನೆಲ್ಲ ಗದರಿದಳು. ಇಲ್ಲ ಅಜ್ಜಿ, ಛಲೋ ಆಗಿದೆ ಎಂದು ನಾನು ಇನ್ನೊಮ್ಮೆ ಅಂದೆ. ಆಗ ಕಣ್ಣಿಂದ ನೀರು ಇಳಿಯುತ್ತಿತ್ತು. ಪಕ್ಕದಲ್ಲಿ ಕುಳಿತ ನನ್ನ ಶಿಷ್ಯೆ ಬಾಯಿಗೆ ಓಢಣಿ ಒತ್ತಿಕೊಂಡು ನಗುತ್ತಿದ್ದಳು. ಇಷ್ಟು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಊಟವಾದ ಮೇಲೆ ಇಬ್ಬರೂ ಬದುವಿನ ಮೇಲೆ ಹೋಗಿ ಕುಳಿತೆವು. ಸುಳ್ಳು ಯಾಕೆ ಹೇಳಿದಿರಿ ಅಕ್ಕಾರ ಎಂದು ಕೇಳಿದಳು. ಸುಳ್ಳಲ್ಲ, ಅಷ್ಟು ಪ್ರೀತಿಯಿಂದ ನೀಡಿದ್ದನ್ನು ಹೇಗೆ ಬೇಡ ಅನ್ನಲಿ ಎಂದೆ. ಅವಳು ಹಸಿ ಕಡಲೆಯ ಒಂದು ಸುಲಗಾಯಿ ಬಿಡಿಸುತ್ತ ಹೇಳಿದಳು:

"ನನಗೂ ಹಂಗ ಆಗತಿತ್ರಿ. ನೀವು ಅಷ್ಟು ತ್ರಾಸ ತಗೊಂಡು ಹೇಳ್ತಿದ್ರಿ. ತಿಳೀಲಿಲ್ಲ ಅಂದ್ರ ನೀವು ನೀಡಿದ್ದನ್ನ ತಾಟಿನಾಗ ಬಿಟ್ಟು ಎದ್ದಂಗ ಆಕ್ಕಿತ್ತಲ್ರಿ."

ಸರ್ ಹಾಕಿದ ಲೆಕ್ಕ ತಲೆಕೆಳಗಾಗಿತ್ತು. ಸರ್ ಮುಂದೆ ಹೆದರಿಕೆಯಿಂದ ಬಾಯಿ ಬಿಡದವರು ನಮ್ಮ ಮುಂದೆ ಬಿಡುತ್ತಾರೆ ಎಂದು ಅವರು ತಿಳಿದಿದ್ದರು. ಆದರೆ ನಮ್ಮ ಮುಂದೆ ಇವರು ಪ್ರೀತಿಗೆ ಕಟ್ಟುಬಿದ್ದು ಬಾಯಿ ಬಿಡುತ್ತಿರಲಿಲ್ಲ. ಹೆದರಿಕೆಯನ್ನಾದರೂ ಓಡಿಸಬಹುದು, ಈ ಸೌಜನ್ಯವನ್ನು ಏನು ಮಾಡುವುದು? ನಮ್ಮ ಕಡೆಯ ಮಂದಿಗೆ ಒಲ್ಲೆ ಎನ್ನುವ ಮಾತು ಗಂಟಲಿನಿಂದ ಮೇಲೆ ಬರುವುದಿಲ್ಲ. ಚಹಾ ಬೇಡವಾದರೂ ಅರ್ಧ ಕಪ್ಪು ಕುಡಿದೇ ಏಳುತ್ತೇವೆ. ಕೊರ್ಲಹಳ್ಳಿಯ ಈ ಹುಡುಗಿ ಒಂದು ಹೆಜ್ಜೆ ಮುಂದೆ ಹೋಗಿ ಇಡೀ ರಸಾಯನಶಾಸ್ತ್ರವನ್ನೇ ಹೀಗೆ ಮರ್ಯಾದೆಗೆ ಕುಡಿದಿದ್ದಳು. ನನಗೆ ನಗು ಬಂತು, ಅವಳ ಮೇಲೆ ಬಹಳ ಮಮತೆಯೂ ಬಂತು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮರುದಿನದಿಂದ ನಾನು ಕಾಯಿದೆ ಬದಲಿಸಿದೆ. ಒಂದು, ನಾನು ಇನ್ನು ಮೇಲೆ ತಿಳೀತಾ ಎಂದು ಕೇಳುವುದಿಲ್ಲ. ಅಜ್ಜಿ ತಾಟು ನೋಡಿದ ಹಾಗೆ ಅವಳ ಕೈಬರಹ ನೋಡುತ್ತೇನೆ, ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ನೋಡುತ್ತೇನೆ. ಇನ್ನೊಂದು, ಅವಳೇ ನೀಡಬೇಕು, ನಾನು ಉಣ್ಣಬೇಕು. ಅಂದರೆ ಸೀಮೆಸುಣ್ಣದ ಕಡ್ಡಿ ಅವಳ ಕೈಯಲ್ಲಿ, ನಾನು ಕಟ್ಟೆಯ ಮೇಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಇದು ನನಗೆ ಎಂಥ ಶಿಕ್ಷೆ ಎಂದು ನನ್ನನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಅವಳು ತಪ್ಪು ಬರೆದಾಗ ನಾಲಿಗೆ ಕಚ್ಚಿಕೊಂಡು, ಓಢಣಿಯ ಅಂಚು ಹಿಂಡಿಕೊಂಡು ಕುಳಿತಿರುತ್ತಿದ್ದೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ದಿನಕ್ಕೆ ಒಮ್ಮೆಯಾದರೂ ಅವಳು ನನಗೆ ತಿಳೀಲಿಲ್ಲ ಎಂದು ಗಟ್ಟಿಯಾಗಿ ಹೇಳಬೇಕು. ತಿಳಿದಿದ್ದರೂ ಹೇಳಬೇಕು, ನಾಲಿಗೆ ಹೊರಳಲಿ ಎಂದು. ಮೊದಲ ದಿನ ಅವಳ ಬಾಯಿಂದ ಅದನ್ನು ಹೊರಡಿಸಲು ಅರ್ಧ ತಾಸು ಹಿಡಿಯಿತು. ಕೊನೆಗೂ ಹೇಳಿದಳು, ಆದರೆ ಮೊದಲು ಕೈ ಮುಗಿದು, ತಪ್ಪು ತಿಳಿದುಕೊಳ್ಳಬಾರದು ಎಂದು ಬೇಡಿಕೊಂಡು, ಗೋಡೆಗೆ ಮುಖ ಮಾಡಿ ಹೇಳಿದಳು. ನಾನು ಬಿದ್ದು ಬಿದ್ದು ನಕ್ಕೆ. ಮೂರ್ನಾಲ್ಕು ದಿನಕ್ಕೆ ಗೋಡೆಯಿಂದ ಮುಖ ತಿರುಗಿತು. ವಾರ ಕಳೆಯುವುದರೊಳಗೆ ನನ್ನ ಕಡೆ ನೋಡಿಯೇ ಹೇಳತೊಡಗಿದಳು. ಹೇಳಿದ ಮೇಲೆ ಮಾತ್ರ ಒಮ್ಮೆ ಕಣ್ಣು ಮುಚ್ಚುತ್ತಿದ್ದಳು.

ಅವಳ ಕೈಗೆ ಸುಣ್ಣ ಸಿಕ್ಕ ಮೇಲೆ ಗೊತ್ತಾಯಿತು, ಅವಳು ದಡ್ಡಿಯಲ್ಲ, ದಾರಿ ಕಾಣದವಳು. ಎರಡು ಪದಾರ್ಥ ಸೇರಿ ಕ್ರಿಯೆ ನಡೆಯುವಾಗ ಯಾವುದು ಮೊದಲು ಮುಗಿಯುತ್ತದೋ ಅದೇ ಕ್ರಿಯೆಯನ್ನು ನಿಲ್ಲಿಸುತ್ತದೆ ಎಂಬ ಪಾಠ ಇದೆ. ನಾನು ಅದನ್ನು ಇಂಗ್ಲಿಷಿನಲ್ಲಿ ಎಷ್ಟು ಸಲ ಹೇಳಿದ್ದೆನೋ. ಒಂದು ಸಂಜೆ ಬಸ್ಸಿನಲ್ಲಿ ಕುಳಿತಾಗ ಅವಳ ಧ್ವನಿ ಸಂದೇಶ ಬಂತು. ಹಾಸ್ಟೆಲಿನಲ್ಲಿ ಸಂಜೆ ಸ್ವಲ್ಪ ಹೊತ್ತು ಫೋನು ಕೊಡುತ್ತಿದ್ದರು. ಕಿವಿಗೆ ಹಚ್ಚಿಕೊಂಡು ಕೇಳಿದೆ. ಹೋಳಿಗೆ ಮಾಡುವಾಗ ಹೂರಣ ಮುಗಿದರೆ ಕಣಕ ಎಷ್ಟು ಉಳಿದರೂ ಹೋಳಿಗೆ ಆಗುವುದಿಲ್ಲ, ಹಾಗಾದರೆ ಹೋಳಿಗೆ ಎಷ್ಟಾದವೆಂದು ಕಣಕ ನೋಡಿ ಹೇಳಬಾರದು, ಹೂರಣ ನೋಡಿ ಹೇಳಬೇಕು ಎಂದು ಅವಳು ನನಗೆ ಕಲಿಸುತ್ತಿದ್ದಳು. ಆಮೇಲೆ ಅದನ್ನೇ ಹಿಡಿದು ಪುಸ್ತಕದ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿದಳು. ಎಲ್ಲೂ ತಪ್ಪಿರಲಿಲ್ಲ. ಬಸ್ಸಿನಲ್ಲಿ ನಾನೊಬ್ಬಳೇ ನಗುತ್ತಿರುವುದನ್ನು ಕಂಡು ಪಕ್ಕದ ಹೆಂಗಸು ಚೀಲ ಹತ್ತಿರಕ್ಕೆ ಎಳೆದುಕೊಂಡಳು. ಇಂದಿಗೂ ನಾನು ಶಿರಹಟ್ಟಿಯಲ್ಲಿ ರಾಸಾಯನಿಕ ಕ್ರಿಯೆಯ ಪಾಠವನ್ನು ಹೋಳಿಗೆಯಿಂದಲೇ ಶುರು ಮಾಡುತ್ತೇನೆ.

ಸಂಕ್ರಾಂತಿ ಮುಗಿಯಿತು. ಸರ್ ಮಾತಿಗೆ ತಪ್ಪುವವರಲ್ಲ. ಮೊದಲ ವರ್ಷದ ತರಗತಿಯನ್ನೆಲ್ಲ ಲ್ಯಾಬಿನಲ್ಲಿ ಕೂರಿಸಿ, ನನ್ನನ್ನೂ ಕರೆಸಿ ಬಾಗಿಲ ಬಳಿ ನಿಲ್ಲಿಸಿ, ಅವಳನ್ನು ಬೋರ್ಡಿಗೆ ಕರೆದರು. ಮೊದಲ ಲೆಕ್ಕ ಕೊಟ್ಟರು. ಅವಳು ಬಿಡಿಸಿದಳು. ಉತ್ತರ ಸರಿಯಿತ್ತು. ಇದು ಬಾಯಿಪಾಠವೂ ಇರಬಹುದು ಎಂದು ಸರ್ ಅನುಮಾನದಿಂದ ನೋಡಿ, ಅವರೇ ಸುಣ್ಣ ತೆಗೆದುಕೊಂಡು ತರಗತಿಯಲ್ಲಿ ಇನ್ನೂ ಆಗದ ಹೊಸ ಬಗೆಯ ಲೆಕ್ಕವೊಂದನ್ನು ಬರೆದರು. ಅದನ್ನು ಬಿಡಿಸುವ ರೀತಿಯನ್ನು ತಮ್ಮ ಎಂದಿನ ವೇಗದಲ್ಲಿ ಒಮ್ಮೆ ತೋರಿಸಿದರು. ಬೋರ್ಡು ತುಂಬಿತು. ಅದರಂತೆಯೇ ಇನ್ನೊಂದನ್ನು ಅವಳು ಬಿಡಿಸಬೇಕಿತ್ತು. ಸರ್ ಕೈ ಝಾಡಿಸಿಕೊಂಡು, ತಿರುಗಿ, ತಿಳೀತೇನು ಎಂದು ಕೇಳಿದರು.

ತಿಳೀತ್ರಿ ಸರ್ ಎಂದು ಇಡೀ ಲ್ಯಾಬು ಒಂದೇ ಉಸಿರಿಗೆ ಹೇಳಿತು.

ಅವಳು ಹೇಳಲಿಲ್ಲ. ಬೋರ್ಡನ್ನೇ ನೋಡುತ್ತ ನಿಂತಿದ್ದಳು. ಸರ್ ಅವಳ ಕಡೆ ತಿರುಗಿದರು. ಎಲ್ಲ ಕೂಡಿ ಬಂದಿದೆ, ಈಗ ಹೂಂ ಅಂದುಬಿಡು, ಹೇಗೋ ಅರ್ಧಂಬರ್ಧ ಬಿಡಿಸು, ಮಿಕ್ಕದ್ದು ಆಮೇಲೆ ನೋಡೋಣ ಎಂದು ನನ್ನ ಮನಸ್ಸು ಕೂಗುತ್ತಿತ್ತು. ದಿನವೂ ಅವಳಿಂದ ತಿಳೀಲಿಲ್ಲ ಎನ್ನಿಸಿದ ನಾನೇ, ಬಾಗಿಲಲ್ಲಿ ನಿಂತು, ಹೂಂ ಅನ್ನು ಹೂಂ ಅನ್ನು ಎಂದು ಅವಳಿಗೆ ಕಾಣುವಂತೆ ಜೋರಾಗಿ ತಲೆಯಾಡಿಸಿದೆ. ಅವಳು ನನ್ನನ್ನು ನೋಡಿದಳು. ನಾನು ಏನು ಹೇಳುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ಆಮೇಲೆ ಸರ್ ಕಡೆ ತಿರುಗಿದಳು.

"ಇಲ್ರಿ ಸರ್. ನನಗ ತಿಳೀಲಿಲ್ರಿ."

ಸರ್ ಮುಖ ಕೆಂಪಗಾಯಿತು. ಅವರ ತರಗತಿಯಲ್ಲಿ ಈ ಮಾತನ್ನು ಯಾರೂ ಅಂದದ್ದು ನಾನು ಕೇಳಿರಲಿಲ್ಲ. ಅವರೂ ಕೇಳಿರಲಿಕ್ಕಿಲ್ಲ. ಮುಗಿಯಿತು, ಇನ್ನು ಅಪ್ಪನಿಗೆ ಫೋನು ಹೋಗುತ್ತದೆ ಎಂದುಕೊಂಡೆ. ಎಲ್ಲಿಯವರೆಗೆ ತಿಳಿದಿದೆ ಎಂದು ಸರ್ ಕೇಳಿದರು. ಅವಳು ಮುಂದೆ ಹೋಗಿ ಬೋರ್ಡಿನ ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಇಲ್ಲಿಯವರೆಗೆ ಬಂದಿದೆ, ಇಲ್ಲಿಂದ ಕೆಳಗಿನದಕ್ಕೆ ಹೇಗೆ ಹೋದಿರೋ ಅದು ಕಾಣಲಿಲ್ಲ ಎಂದಳು. ಕೈ ಮುಗಿಯಲಿಲ್ಲ, ತಪ್ಪು ತಿಳಿದುಕೊಳ್ಳಬಾರದು ಎಂದು ಬೇಡಲೂ ಇಲ್ಲ.

ಸರ್ ಆ ಬೆರಳನ್ನೂ ಸಾಲನ್ನೂ ನೋಡಿದರು. "ಹಿಂಗ ಹೇಳಾಕ ಯಾರು ಕಲಿಸಿದ್ರು ನಿನಗ?"

ಅವಳು ಬಾಗಿಲ ಕಡೆ ಕೈ ತೋರಿಸಿದಳು. "ನಮ್ಮ ಅಕ್ಕಾರ್ರಿ."

ಆ ಕ್ಷಣದಲ್ಲಿ ನಾನು ನಾಚಿಕೆಪಡಬೇಕೋ ಹಿಗ್ಗಬೇಕೋ ತಿಳಿಯದೆ ಬಾಗಿಲು ಹಿಡಿದು ನಿಂತಿದ್ದೆ. ಸರ್ ನನ್ನನ್ನು ಒಮ್ಮೆ ನೋಡಿದರು. ಅವಳು ತೋರಿಸಿದ ಸಾಲಿನಿಂದ ಕೆಳಗಿನದನ್ನೆಲ್ಲ ಒರೆಸಿದರು. ಸ್ಟೂಲು ಎಳೆದು ಅವಳಿಗೆ ಕೂರಲು ಹೇಳಿ, ಮತ್ತೆ ಬರೆಯತೊಡಗಿದರು. ಈ ಸಲ ನಿಧಾನವಾಗಿ, ಕನ್ನಡದಲ್ಲಿ, ಒಂದೊಂದೇ ಮೆಟ್ಟಿಲು. ಆಗಲೇ ತಿಳೀತ್ರಿ ಎಂದವರೆಲ್ಲ ತಲೆ ಬಗ್ಗಿಸಿ ಗಡಿಬಿಡಿಯಿಂದ ಬರೆದುಕೊಳ್ಳತೊಡಗಿದರು. ಮುಗಿದ ಮೇಲೆ ಸರ್ ತಿಳೀತೇನು ಎಂದು ಕೇಳದೆ ಸುಣ್ಣವನ್ನು ಅವಳ ಕೈಗೆ ಕೊಟ್ಟರು. ಅವಳು ಎದ್ದು, ಸರ್ ಕೊಟ್ಟ ಅದೇ ಬಗೆಯ ಇನ್ನೊಂದು ಲೆಕ್ಕವನ್ನು ಬರೆದು, ಎಲ್ಲೂ ನಿಲ್ಲದೆ ಕೊನೆಯವರೆಗೆ ಬಿಡಿಸಿದಳು.

ಸರ್ ಉತ್ತರವನ್ನು ಎರಡು ಸಲ ನೋಡಿದರು. ಅಪ್ಪನನ್ನು ಕರೆಸುವ ಮಾತು ಎತ್ತಲಿಲ್ಲ. ಮುಂದಿನ ವರ್ಷ ಹೊಸ ಹುಡುಗರು ಬರುತ್ತಾರೆ, ಅವರಲ್ಲಿ ಎಲ್ಲರಿಗಿಂತ ಜೋರಾಗಿ ತಿಳೀತು ಎನ್ನುವವಳನ್ನು ನಿನಗೆ ಜೋಡಿ ಹಚ್ಚುತ್ತೇನೆ ಎಂದಷ್ಟೇ ಹೇಳಿದರು. ಅವಳು ಹೂಂ ರಿ ಎಂದು ಹೇಳಿ, ಸುಣ್ಣವನ್ನು ಮೇಜಿನ ಮೇಲಿಟ್ಟು, ನನ್ನ ಕಡೆ ನಡೆದು ಬಂದಳು. ಹತ್ತಿರ ಬಂದ ಮೇಲೆ, ಅಕ್ಕಾರ, ಹೂಂ ಅನ್ನು ಎಂದು ತಲೆಯಾಡಿಸುವುದನ್ನು ಇನ್ನಾದರೂ ನಿಲ್ಲಿಸಿರಿ ಎಂದಳು.